ಕಾಲು ಮಾತ್ರೆ

ನಮ್ಮೂರಿನ ಹಾಲಿನ ಡೈರಿಯಲ್ಲಿ ನಾನು ಡಿಗ್ರಿ ನೋಡುವವನು. ಹಾಲು ಹಾಕಲು ಬಂದವರ ಎದುರಿಗೆ ಬಗ್ಗಿ, ಗಾಜಿನ ಕಡ್ಡಿ ಹಾಲಿನಲ್ಲಿ ಎಲ್ಲಿಯವರೆಗೆ ಮುಳುಗಿದೆ ಎಂದು ಓದಬೇಕು. ಹಾಗಾಗಿ ನನ್ನ ನೆತ್ತಿಯನ್ನು ನನಗಿಂತ ಮೊದಲು ನೋಡಿದವರು ಸಾಲಿನಲ್ಲಿ ನಿಂತ ಹೆಂಗಸರು. ಹಾಲಿಗಿಂತ ನಿನ್ನ ತಲೆಯೇ ತೆಳ್ಳಗಾಗಿದೆ ಎಂದು ಒಬ್ಬಾಕೆ ಅಂದದ್ದೇ ತಡ, ದಿನಾ ಬೆಳಿಗ್ಗೆ ಅದೇ ನಗೆಯಾಯಿತು. ನಾನೂ ನಗುತ್ತಿದ್ದೆ. ಮದುವೆಯಂತೂ ಆಗಿದೆ, ಇನ್ನು ಕೂದಲು ಇದ್ದರೆಷ್ಟು ಬಿಟ್ಟರೆಷ್ಟು ಎಂಬ ಧೈರ್ಯ.

ಆ ಧೈರ್ಯ ಹೋದದ್ದು ಹೆಂಡತಿ ಬಸುರಿಯಾದಾಗ. ಮದುವೆಯಾಗಿ ಆರು ವರ್ಷ ನಮಗೆ ಮಕ್ಕಳಿರಲಿಲ್ಲ. ಅಮ್ಮ ತಿರುಪತಿಗೆ ಹರಕೆ ಹೊತ್ತಿದ್ದಳು. ಮಗುವಾದರೆ ಅದಕ್ಕೆ ವರ್ಷ ತುಂಬುವುದರೊಳಗೆ ಅಪ್ಪ, ಮಗು ಇಬ್ಬರೂ ಬೆಟ್ಟದಲ್ಲಿ ಮುಡಿ ಕೊಡಬೇಕು. ಹರಕೆ ಹೊತ್ತ ಕಾಲಕ್ಕೆ ನನ್ನ ತಲೆ ತುಂಬ ಕೂದಲಿತ್ತು. ಈಗ ಸುದ್ದಿ ಕೇಳಿ ಖುಷಿಯಿಂದ ನನ್ನ ತಲೆ ಸವರಲು ಬಂದ ಅಮ್ಮನ ಕೈ ನೆತ್ತಿಯ ಮೇಲೆ ನಿಂತುಬಿಟ್ಟಿತು.

"ಅಲ್ಲೀಗಂಟ ಇದು ನಿಲ್ತದೇನ್ಲಾ? ಬೋಳು ತಲೆ ಒತ್ಕೊಂಡೋಗಿ ದ್ಯಾವರಿಗೆ ಏನ್ ಕೊಡ್ತೀಯ?"

ಹರಕೆ ಗಿರಕೆ ನಾನು ನಂಬುವುದಿಲ್ಲ ಎಂದು ಹೇಳಿಕೊಂಡು ತಿರುಗುವವನು ನಾನು. ಆದರೆ ಆರು ವರ್ಷದ ಮೇಲೆ ಬಂದ ಮಗು ಇದು. ಕೊಟ್ಟ ಮಾತಿನಲ್ಲಿ ಒಂದು ಕೂದಲು ಕಡಿಮೆಯಾದರೂ ಏನಾಗಿಬಿಡುವುದೋ ಎಂದು ಹೆದರಿದೆ.

ಮುಂದಿನ ವಾರ ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿ ಕೆಜಿಎಫ್‌ಗೆ ಹೋದೆ. ಅಲ್ಲಿನ ನಂದಿದುರ್ಗ ಗಣಿಯ ಹಳೆಯ ಕಾರ್ಮಿಕರ ಲೈನುಮನೆಗಳ ಹತ್ತಿರ ಒಬ್ಬರು ವಯಸ್ಸಾದ ಚರ್ಮದ ಡಾಕ್ಟರಿದ್ದಾರೆ. ಒಂದೇ ವಾಕ್ಯವನ್ನು ಕನ್ನಡದಲ್ಲಿ ಶುರುಮಾಡಿ ತಮಿಳಿನಲ್ಲಿ ಮುಗಿಸುತ್ತಾರೆ. ನಮ್ಮ ಕಡೆಯವರಿಗೆ ಕನ್ನಡ, ತೆಲುಗು ಎರಡೂ ಸಲೀಸು, ತಮಿಳು ಮಾತ್ರ ಅರ್ಧಂಬರ್ಧ. ಅವರೋ ಬಾಯಿಗೆ ಮಾಸ್ಕ್ ಬೇರೆ ಕಟ್ಟಿದ್ದರು. ಇದು ಗಂಡಸರಿಗೆ ವಂಶದಿಂದ ಬರುವ ತೊಂದರೆ, ಮಾತ್ರೆ ತಿಂದರೆ ಉದುರುವುದು ನಿಲ್ಲಬಹುದು, ತಿಂಗಳುಗಟ್ಟಲೆ ತಿನ್ನಬೇಕು ಎಂದರು. ಎಷ್ಟು ತಿನ್ನಬೇಕು ಎಂದು ಕೇಳಿದ್ದಕ್ಕೆ ಅವರು ಹೇಳಿದ್ದು ನನ್ನ ಕಿವಿಗೆ ಬಿದ್ದದ್ದು ಹೀಗೆ: "ಕಾಲೇ ಒಂದು, ಸಾಕು." ಕಾಲು ಮಾತ್ರೆ, ದಿನಕ್ಕೆ ಒಂದು ಸಲ. ಅರ್ಥವಾಯಿತೆಂದು ತಲೆಯಾಡಿಸಿ ಬಂದೆ.

ಬಂಗಾರಪೇಟೆಯ ಮೆಡಿಕಲ್ ಅಂಗಡಿಯವನು ಚೀಟಿ ನೋಡಿ, ಒಂದು ಎಂಜಿಯದು ಖಾಲಿಯಾಗಿದೆ, ಐದರದು ಇದೆ, ಡಾಕ್ಟರು ಎಷ್ಟು ತಗೋ ಅಂದರು ಎಂದು ಕೇಳಿದ. ಕಾಲು ಎಂದೆ. ಹಾಗಾದರೆ ಇದೇ ಸರಿ, ಮೂತ್ರದ ತೊಂದರೆಯಿರುವ ಮುದುಕರು ಇದನ್ನು ಪೂರ್ತಿ ನುಂಗುತ್ತಾರೆ, ಕೂದಲಿಗೆ ಕಾಲು ಮಾಡಿಕೊಳ್ಳುತ್ತಾರೆ ಎಂದ. ಇಬ್ಬರ ಮಾತೂ ತಾಳೆಯಾಯಿತಲ್ಲ ಎಂದುಕೊಂಡೆ. ಮನೆಗೆ ಬಂದ ಮೇಲೆ ತಲೆ ಕೆಟ್ಟಿತು. ಐದರಲ್ಲಿ ಕಾಲೆಂದರೆ ಒಂದೂಕಾಲು. ಚೀಟಿಯಲ್ಲಿರುವುದು ಒಂದು. ಡಾಕ್ಟರು ಹೇಳಿದ್ದು ಐದರ ಕಾಲೋ, ಒಂದರ ಕಾಲೋ? ಊರವರ ಹಾಲನ್ನೆಲ್ಲ ಅಳೆಯುವವನಿಗೆ ತನ್ನ ಮಾತ್ರೆ ಎಷ್ಟೆಂದು ಗೊತ್ತಿಲ್ಲ.

ಬ್ಲೇಡಿನಲ್ಲಿ ಕತ್ತರಿಸಿದರೆ ಮಾತ್ರೆ ಹಾರಿ ಮಂಚದ ಕೆಳಗೆ ಹೋಗುತ್ತಿತ್ತು. ಅಮ್ಮನ ಅಡಕತ್ತರಿ ತಂದೆ. ಅದರಲ್ಲೂ ನನ್ನ ಕೈಯಲ್ಲಿ ಒಂದು ತುಂಡು ದಪ್ಪ, ಇನ್ನೊಂದು ಪುಡಿ. ನೋಡಲಾರದೆ ಹೆಂಡತಿ ಕಿತ್ತುಕೊಂಡಳು. ಅಡಿಕೆಯನ್ನು ಉಗುರಿನಷ್ಟು ತೆಳ್ಳಗೆ ಸೀಳುವ ಕೈ ಅವಳದು. ಭಾನುವಾರ ಕೂತು ವಾರಕ್ಕಾಗುವಷ್ಟು ಕಾಲುಗಳನ್ನು ಮಾಡಿಡುತ್ತಿದ್ದಳು. ಉಳಿದ ಪುಡಿಯನ್ನು ಬೆರಳಿಗೆ ಅಂಟಿಸಿಕೊಂಡು ನನ್ನ ನಾಲಿಗೆಗೆ ಇಟ್ಟು ನಗುತ್ತಿದ್ದಳು. ಆಮೇಲೆ ಅದೇ ಅಡಕತ್ತರಿಯಲ್ಲಿ ಅಮ್ಮ ಅಡಿಕೆ ಸೀಳುತ್ತಿದ್ದಳು. ವಾಕರಿಕೆ ನಿಲ್ಲಲೆಂದು ಸೊಸೆಗೂ ಒಂದು ಚೂರು ಕೊಡುತ್ತಿದ್ದಳು. ಅಷ್ಟು ಸುಖವಾದ ಭಾನುವಾರಗಳನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಎರಡು ತಿಂಗಳ ಮೇಲೆ ಮತ್ತೆ ಡಾಕ್ಟರ ಹತ್ತಿರ ಹೋದೆ. ಮಾತ್ರೆಯ ಸ್ಟ್ರಿಪ್ ನೋಡಿ, ಇದನ್ನು ಯಾಕೆ ತಗೊಂಡೆ ಎಂದರು. ನೀವೇ ಕಾಲು ಅಂದಿರಲ್ಲ ಸಾರ್ ಎಂದೆ. ಅವರು ಮಾಸ್ಕ್ ಕೆಳಗೆ ಎಳೆದರು.

"ಕಾಲು ಇಲ್ಲಪ್ಪ, ಕಾಲೈ. ಕಾಲೈಲ ಒಂದು. ಬೆಳಿಗ್ಗೆ ಹೊತ್ತು ಒಂದು, ಪೂರ್ತಿ."

ನನಗೆ ನಗು ಬಂತು. ಅವರು ನಗಲಿಲ್ಲ. ಕತ್ತರಿಸಿದ್ದು ಯಾರು ಎಂದು ಕೇಳಿದರು. ಹೆಂಡತಿ ಎಂದೆ. ಅವಳು ಬಸುರಿಯೇ ಎಂದರು. ಹೌದೆಂದೆ. ಆಮೇಲೆ ಬಿಡಿಸಿ ಹೇಳಿದರು. ಪೂರ್ತಿ ಮಾತ್ರೆಗೆ ಮೇಲೊಂದು ಲೇಪವಿರುತ್ತದೆ. ಮುರಿದದ್ದನ್ನು, ಪುಡಿಯನ್ನು ಬಸುರಿ ಮುಟ್ಟಬಾರದು. ಹೊಟ್ಟೆಯಲ್ಲಿರುವುದು ಗಂಡು ಮಗುವಾದರೆ ಅದರ ಗಂಡಸುತನದ ಅಂಗಕ್ಕೇ ತೊಂದರೆಯಾಗಬಹುದು. ಬೆರಳಿಗೆ ಅಂಟಿದಷ್ಟರಿಂದ ಬಹುಶಃ ಏನೂ ಆಗಿರುವುದಿಲ್ಲ, ಹೆರಿಗೆ ಡಾಕ್ಟರಿಗೆ ಮಾತ್ರ ತಪ್ಪದೆ ತಿಳಿಸು ಎಂದರು. ವಾಪಸು ಬರುವ ರೈಲಿನಲ್ಲಿ ಆ 'ಬಹುಶಃ' ಎಷ್ಟು ಡಿಗ್ರಿ ಎಂದು ಲೆಕ್ಕ ಹಾಕಿದೆ. ಯಾವ ಕಡ್ಡಿಯೂ ಅದನ್ನು ಅಳೆಯುವುದಿಲ್ಲ.

ಹೆಂಡತಿಗೆ ಅಂದೇ ಸಂಜೆ ಹೇಳಿದೆ. ಅವಳು ತನ್ನ ಬೆರಳುಗಳನ್ನೇ ನೋಡಿಕೊಂಡಳು. ಬೈಯುತ್ತಾಳೆಂದು ಕಾದೆ, ಬೈಯಲಿಲ್ಲ.

"ಅತ್ತೆಗೆ ಯೋಳ್‌ಬ್ಯಾಡಿ. ಅವ್ರ ಅಡಕತ್ತರಿ, ಅವ್ರ ಅರಕೆ. ಎದೆ ಒಡ್ಕೊಂಡ್‌ಬುಡ್ತಾರೆ" ಎಂದಳು.

ಹೆರಿಗೆ ಡಾಕ್ಟರಮ್ಮನೂ ಅದೇ 'ಬಹುಶಃ' ಅಂದರು. ಸ್ಕ್ಯಾನಿಂಗ್ ಕೋಣೆಯ ಹೊರಗೆ, ಗಂಡೋ ಹೆಣ್ಣೋ ಇಲ್ಲಿ ತಿಳಿಸುವುದಿಲ್ಲ ಎಂಬ ಬೋರ್ಡಿತ್ತು. ಅದರ ಕೆಳಗೆ ಕೂತು ನಾನು ಹೆಣ್ಣಾಗಲಿ ಎಂದು ಬೇಡಿಕೊಂಡೆ. ಪಕ್ಕದಲ್ಲೇ ಅಮ್ಮ ಕೈಮುಗಿದು ಗಂಡಾಗಲಿ ಎಂದು ಬೇಡುತ್ತಿದ್ದಳು. ಇಬ್ಬರದೂ ಒಂದೇ ದೇವರು. ನಾನೋ ಅವನನ್ನು ನಂಬದವನು. ಮಾತ್ರೆಯನ್ನು ಮತ್ತೆ ಮನೆಯೊಳಗೆ ತರಲಿಲ್ಲ, ಪೂರ್ತಿ ನುಂಗಬಹುದು ಎಂದು ಡಾಕ್ಟರು ಹೇಳಿದ್ದರೂ. ಅಡಕತ್ತರಿ ಕಳೆದುಹೋಯಿತೆಂದು ಸುಳ್ಳು ಹೇಳಿ ಅಮ್ಮನಿಗೆ ಹೊಸದು ತಂದುಕೊಟ್ಟೆ.

ಹೆರಿಗೆಯ ದಿನ ನರ್ಸ್ ಬಾಗಿಲು ತೆರೆದು ಹೆಣ್ಣು ಎಂದಳು. ನಾನು ಅಲ್ಲೇ ಗೋಡೆಗೆ ಒರಗಿ ಕೂತು ಅತ್ತುಬಿಟ್ಟೆ, ತಡೆಯಲಾಗಲಿಲ್ಲ. ಅಮ್ಮ ಬಂದು ನನ್ನ ಬೋಳು ನೆತ್ತಿಯ ಮೇಲೆ ಕೈಯಿಟ್ಟಳು.

"ಅಳ್‌ಬ್ಯಾಡ ಕಣ್ಲಾ. ಮುಂದಿನ ಸಲ ಗಂಡಾಯ್ತದೆ."

ಈಗ ಮಗಳಿಗೆ ಹನ್ನೊಂದು ತಿಂಗಳು. ಮುಂದಿನ ವಾರ ಬೆಟ್ಟಕ್ಕೆ ಹೋಗುತ್ತೇವೆ. ಅವಳ ಕೂದಲು ಕಣ್ಣಿನ ಮೇಲೆ ಇಳಿಯುವಷ್ಟು ದಟ್ಟವಾಗಿ ಬೆಳೆದಿದೆ, ಕೊಡಲು ನನ್ನ ಹತ್ತಿರ ಕಿವಿಯ ಮೇಲಿನ ಕಾಲು ಮುಡಿಯಿದೆ. ನಾವು ಪಾರಾದೆವೋ, ಪಾರಾಗುವಂಥದ್ದು ಏನೂ ಇರಲೇ ಇಲ್ಲವೋ, ಇವತ್ತಿಗೂ ನನಗೆ ತಿಳಿಯದು. ಅಮ್ಮ ಮಾತ್ರ, ಹೆಣ್ಣೆಂದು ಕೇಳಿ ಮಗ ಹೇಗೆ ಅತ್ತ ಎಂಬುದನ್ನು ಬಂದವರಿಗೆಲ್ಲ ಹೇಳುತ್ತಾಳೆ. ಡೈರಿಯ ಸಾಲಿನಲ್ಲೂ ಹೇಳಿದ್ದಾಳೆ. ನಾನು ಬಗ್ಗಿ ಕಡ್ಡಿ ಓದುತ್ತೇನೆ, ತಿದ್ದುವುದಿಲ್ಲ. ಒಂದು ದಿನ ಮಗಳ ಕಿವಿಗೂ ಆ ಮಾತು ಬೀಳುತ್ತದೆ. ಅವಳೂ ನನ್ನ ಹಾಗೆ ತಪ್ಪಾಗಿ ಕೇಳಿಸಿಕೊಳ್ಳಬಾರದೆಂದು ಇದನ್ನು ಬರೆದಿಟ್ಟಿದ್ದೇನೆ.