ಬೇಟೆಗೆ ಹೊರಟ ಅಡುಗೆಯವರು

ತೊಂಬತ್ತರ ದಶಕದಲ್ಲಿ, ದೋಹಾದ ಅಲ್ ಮುಂತಜಾದಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದವರು ಪುತ್ತೂರು ಕಡೆಯ ಒಬ್ಬ ಅಡುಗೆಯವರು. ಅವರ ಅರಬಿ ಧಣಿ ಪರದೇಶದ ಬೆಟ್ಟಕ್ಕೆ ಬೇಟೆಗೆ ಹೊರಡುವವರಿದ್ದರು. "ನಿನಗೆ ಐವತ್ತಾಯಿತು, ಹತ್ತಲಾರೆ. ಬೇರೆ ಅಡುಗೆಯವನನ್ನು ಕರೆದೊಯ್ಯುತ್ತೇನೆ" ಎಂದರಂತೆ.

ಆ ಮಾತು ಇವರಿಗೆ ಚುಚ್ಚಿತು. ದೋಹಾದಲ್ಲಿ ಬೆಟ್ಟವೆಲ್ಲಿ? ದಿನಾ ಬೆಳಿಗ್ಗೆ ಅಕ್ಕಿಚೀಲ ಹೊತ್ತು ನಮ್ಮ ಕಟ್ಟಡದ ನಾಲ್ಕೂ ಮಹಡಿ ಹತ್ತಿಳಿಯತೊಡಗಿದರು. ಪ್ರತಿ ತಿರುವಿನಲ್ಲೂ ನಿಂತು, ಮೊಣಕಾಲು ತಟ್ಟಿ, "ಯಲ್ಲಾ, ನಡಿ ನಡಿ, ಇನ್ನೊಂದೇ" ಎಂದು ಅರಬಿ ಬೆರೆಸಿ ಹೇಳಿಕೊಳ್ಳುತ್ತಿದ್ದರು. ಮೂರು ತಿಂಗಳಲ್ಲಿ ಹೊಟ್ಟೆ ಕರಗಿತು, ಧಣಿ ಒಪ್ಪಿದರು.

ಮರಳಿ ಬಂದಾಗ ಕೇಳಿದೆ, "ಬೇಟೆ ಆಯ್ತಾ?"

"ಧಣಿಗೆ ಅರ್ಧದಲ್ಲೇ ಉಸಿರು ಕಟ್ಟಿತು ಮಾರಾಯ್ರೆ. ನೋಡಿ ಬಾ ಅಂತ ನನ್ನನ್ನೇ ಮೇಲೆ ಕಳಿಸಿದ್ರು. ತುದಿಯಲ್ಲಿ ಕಾಡುಮೇಕೆಯೊಂದು ಬಿಸಿಲು ಕಾಯಿಸ್ತಾ ನಿಂತಿತ್ತು. ನನ್ನನ್ನು ಕಂಡು ಓಡ್ಲೂ ಇಲ್ಲ."

"ಮತ್ತೆ?"

"ಕೆಳಗಿಳಿದು, ಅರಬಿಯಲ್ಲೇ 'ಮಾಫಿ', ಮೇಲೆ ಏನೂ ಇಲ್ಲ ಅಂದೆ."