ಹೆಸರು ಗೊತ್ತುಂಟಲ್ಲ

ಬೆಳ್ತಂಗಡಿಯಲ್ಲಿ ನಾನು ನಡೆಸುವ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಹೊರಟಿದ್ದೆ. ಶಿರ್ತಾಡಿಯಲ್ಲಿ ಬೈಕ್ ಕೈಕೊಟ್ಟಿತು. ಗ್ಯಾರೇಜಿನ ವಾಸಣ್ಣ ನೋಡಿ, "ಎಕ್ಸಲೇಟರ್ ವಯರ್ ಕಟ್ಟಾಗಿದೆ ಸರ್. ಮೂಡುಬಿದಿರೆಯಿಂದ ತರ್ಬೇಕು" ಎಂದರು.

"ಎಕ್ಸಲೇಟರ್ ಅಲ್ಲ, ಆಕ್ಸಿಲರೇಟರ್" ಎಂದು ತಿದ್ದಿದೆ. ಅಭ್ಯಾಸ ನೋಡಿ. ಅವರು ಬೇಸರಿಸದೆ ಹಳೆಯ ವಯರ್ ಬಿಚ್ಚಿ ಕೊಡಲು ಬಂದರು. "ಅದು ಬೇಡ, ಹೆಸರು ಗೊತ್ತುಂಟಲ್ಲ" ಎಂದು ಬಸ್ಸು ಹತ್ತಿದೆ.

ಮೂಡುಬಿದಿರೆಯ ಸ್ಪೇರ್ ಪಾರ್ಟ್ಸ್ ಅಂಗಡಿಯವರು ನನ್ನ ಸ್ಪಷ್ಟ ಇಂಗ್ಲಿಷ್ ಕೇಳಿ ಕೈ ಚಾಚಿದರು. "ಹಳೇದು ಕೊಡಿ."

"ಹೆಸರು ಹೇಳಿದೆನಲ್ಲ?"

"ಹೆಸರು ಎಲ್ಲರೂ ಹೇಳ್ತಾರೆ ಮಾರಾಯ್ರೆ. ನಿಮ್ಮ ಬೈಕಿಗೇ ನಾಲ್ಕು ಅಳತೆ ಉಂಟು. ಯಾವುದು ಕೊಡುವ?"

ಅಷ್ಟರಲ್ಲಿ ಪಕ್ಕದವರೊಬ್ಬರು ಮಾತೇ ಆಡದೆ ತುಂಡಾದ ವಯರೊಂದನ್ನು ಕೌಂಟರಿನ ಮೇಲಿಟ್ಟು, ಹೊಸದು ತೆಗೆದುಕೊಂಡು ಹೋದರು.

ಕ್ಲಾಸಂತೂ ತಪ್ಪಿತು. ಬರಿಗೈಯಲ್ಲಿ ಶಿರ್ತಾಡಿಗೆ ಮರಳಿದಾಗ ವಾಸಣ್ಣ ಹಳೆಯ ವಯರನ್ನು ಪೇಪರಿನಲ್ಲಿ ಸುತ್ತಿ ಹಿಡಿದುಕೊಂಡೇ ನಿಂತಿದ್ದರು. ಪೇಪರಿನ ಮೇಲೆ ದೊಡ್ಡ ಅಕ್ಷರದಲ್ಲಿ 'ಆಕ್ಸಿಲರೇಟರ್' ಎಂದು ಬರೆದಿದ್ದರು.

"ಸರಿ ಉಂಟಾ ನೋಡಿ ಸರ್."

ತಮಾಷೆಯೋ, ನಿಜವಾಗಿ ಕೇಳಿದ್ದೋ, ಮುಖ ನೋಡಿದರೂ ಗೊತ್ತಾಗಲಿಲ್ಲ. "ಸರಿ ಉಂಟು" ಎಂದು ಹೇಳಿ, ಪೊಟ್ಟಣ ಹಿಡಿದು ಮತ್ತೆ ಬಸ್ಸು ಹತ್ತಿದೆ.