ಗೋವೆಯ ಮಳೆಗೆ ಮನೋಳಿಯ ಮಾಳಿಗೆ

ಗೋವೆಗೆ ಬಂದ ಮರುದಿನ ಬೆಳಿಗ್ಗೆ ಎದ್ದವಳೇ ಬಾಗಿಲ ಮುಂದೆ ಕಸ ಹೊಡೆದು ನೀರು ಹಾಕಿದೆ. ಎರಡೆಳೆ ರಂಗೋಲಿ ಬಿಡುವಷ್ಟರಲ್ಲಿ ಮನೆಯೊಡತಿ ಓಡಿ ಬಂದಳು. "ಭಾಯ್ರ್ ತುಜೆಂ ನ್ಹಯ್!" ಭಾಯ್ರ್ ಅಂದರೆ ಹೊರಗೆ. ಹೊರಗಿನದು ನಿನ್ನದಲ್ಲ, ಬಾಡಿಗೆ ಒಳಗಿನ ಖೋಲಿಗೆ ಮಾತ್ರ. ಚಪ್ಪಲಿಯನ್ನೂ ಒಳಗೇ ಬಿಡಬೇಕಂತೆ. ರಂಗೋಲಿ ಬಟ್ಟಲು ಹಿಡಿದು ಒಳಗೆ ಬಂದು ಬಾಗಿಲು ಹಾಕಿಕೊಂಡೆ. ಹಗಲಿನಲ್ಲಿ ಮನೆಯ ಬಾಗಿಲು ಹಾಕಿದ್ದು ಅದೇ ಮೊದಲು.

ಸವದತ್ತಿ, ಬೈಲಹೊಂಗಲ ಕಡೆಯ ನೀವು ನಗಬಹುದು. ಮನೋಳಿಯ ನಮ್ಮ ಮನೆಯಲ್ಲಿ ಒಳಗೆ ಯಾವುದು, ಹೊರಗೆ ಯಾವುದು ಎಂದು ಯಾರೂ ಗೆರೆ ಎಳೆದಿರಲಿಲ್ಲ. ಶೇಂಗಾ ಸುಲಿಯುವುದು ಕಟ್ಟೆಯ ಮೇಲೆ, ಊಟ ಪಡಸಾಲೆಯಲ್ಲಿ, ಬೇಸಿಗೆಯ ನಿದ್ದೆ ಮಾಳಿಗೆಯ, ಅಂದರೆ ಮಣ್ಣು ಹೊದಿಸಿದ ಸಪಾಟು ಚಾವಣಿಯ ಮೇಲೆ. ಬೆಳಕಿಂಡಿಯ ಬಿಸಿಲು ಒಲೆಯ ತನಕ ಬಂತೆಂದರೆ ರೊಟ್ಟಿ ಬಡಿಯುವ ಹೊತ್ತು. ಮಾಪ್ಸಾದ ಹತ್ತಿರದ ಈ ತಗಡಿನ ಖೋಲಿಯಲ್ಲಿ ಬೆಳಕೆಂದರೆ ಒಂದು ಬಲ್ಬು. ಅಂಗಡಿಯಲ್ಲಿ ಸಿಗುವುದು ಕುಸಲಕ್ಕಿ. ಊರಿಂದ ತಂದ ಜೋಳದ ಹಿಟ್ಟು ಇಲ್ಲಿಯ ಹಸಿ ಗಾಳಿಗೆ ಎಂಟು ದಿನದಲ್ಲಿ ಮುಗ್ಗಲು ಹಿಡಿಯುತ್ತಿತ್ತು.

ನಮ್ಮ ಮನೆಯವರು ಗೌಂಡಿ. ಮನೋಳಿಯಿಂದ ನೇಸರಗಿ ತನಕ ಮಾಳಿಗೆ ಹಾಕುವುದರಲ್ಲಿ ಅವರ ಕೈ ಹೆಸರಾದದ್ದು. ತೊಂಬತ್ತರ ದಶಕದ ಕೊನೆಗೆ ಎಲ್ಲರೂ ಸ್ಲ್ಯಾಬಿನ ಹಿಂದೆ ಬಿದ್ದರು, ಅವರನ್ನು ಕರೆಯುವವರಿಲ್ಲದಾಯಿತು. ಅದಕ್ಕೇ ಗೋವೆ. ಇಲ್ಲಿಯವರು ನಮ್ಮನ್ನು 'ಘಾಟಿ' ಎನ್ನುತ್ತಾರೆ. ಘಟ್ಟದ ಮೇಲಿನವರು ಎಂದಷ್ಟೇ ಅರ್ಥ, ಅನ್ನುವ ಧಾಟಿ ಮಾತ್ರ ಬೇರೆ. ಎರಡು ವರ್ಷ ನಮ್ಮವರು ಕಂಡವರ ಗೋಡೆಗೆ ಸಿಮೆಂಟು ಬಳಿದರು.

ಆಗ ಸಿಕ್ಕವರು ಗೋವೆಯ ಒಬ್ಬ ಹಿರಿಯ ಹೆಂಗಸು, ಎಲ್ಲರೂ ಅವರನ್ನು 'ಬಾಯಿ' ಎನ್ನುತ್ತಿದ್ದರು. ಮುಂಬಯಿಯಲ್ಲಿ ಮಾಸ್ತರಿಕೆ ಮುಗಿಸಿ, ತವರಿನ ಜಾಗದಲ್ಲಿ ಮನೆ ಕಟ್ಟಿಸುತ್ತಿದ್ದರು. ಗಾಳಿ ಬೆಳಕು ತಾವಾಗಿ ಒಳಗೆ ಬರಬೇಕು, ಒಂದು ಮರವನ್ನೂ ಕಡಿಯಬಾರದು, ಸಿಮೆಂಟು ಆದಷ್ಟು ಕಡಿಮೆ. ಮುಂದೆ ಬಾಲ್ಕಾಂವ್, ಅಂದರೆ ಸೂರಿನಡಿ ಎರಡೂ ಬದಿಗೆ ಕಲ್ಲಿನ ಆಸನ, ನಮ್ಮ ಕಟ್ಟೆಯ ಹಾಗೆ. ನಡುವೆ ಆಕಾಶಕ್ಕೆ ತೆರೆದ ಚೌಕ, ಅದಕ್ಕೆ ರಾಜಾಂಗಣ ಎನ್ನುತ್ತಾರೆ.

ಆ ಮನೆಯ ಕೆಲಸ ಸಿಕ್ಕ ದಿನ ಸಂಜೆ ನಮ್ಮವರು ಎರಡು ರೊಟ್ಟಿ ಹೆಚ್ಚು ಉಂಡರು.

"ಪುಸ್ತಕದ ಖೋಲಿಗೆ ಮ್ಯಾಳಗಿ ಹಾಕ್ತೇನಿ ಅಂದೆ. ಬಾಯಿ ಹೂಂ ಅಂದ್ರು."

"ಇಲ್ಲಿ ಮಳಿ ನೋಡೀರಿಲ್ಲೋ? ಹಿಡದ್ರ ಬಿಡೂದಿಲ್ಲ."

"ನೀರು ಹರದು ಹೋಗಾಕ ಇಳಕಲ ಹೆಚ್ಚು ಕೊಡ್ತೇನಿ. ಮಣ್ಣಿನ ಗುಣಾ ನಿನಗೇನು ತಿಳೀತದ, ನೀ ರೊಟ್ಟಿ ಬಡಿ."

"ರೊಟ್ಟಿ ಬಡ್ಯಾಕಿಗೇ ತಿಳೀತದ್ರೀ, ನೀರು ಎಲ್ಲೆ ಹೆಚ್ಚಾತಂತ."

ಜೋರಾಗಿ ನಕ್ಕರು. ಆ ನಗೆ ಕೇಳಿ ಎರಡು ವರ್ಷವಾಗಿತ್ತು. ನಾನು ಮುಂದಿನ ರೊಟ್ಟಿ ಬಡಿಯತೊಡಗಿದೆ. ಆಗ ಸುಮ್ಮನಾಗಬಾರದಿತ್ತು.

ಮಾಳಿಗೆಗೆ ನಮ್ಮ ಕಡೆಯ ಕರ್ಲಮಣ್ಣೇ ಬೇಕು, ನೀರು ಕೆಳಗೆ ಬಿಡದ ಬಿಳಿ ಸವುಳು ಮಣ್ಣು. ಮನೋಳಿಯ ತರಕಾರಿ ಲಾರಿಯವನನ್ನು ಕಾಡಿ ಬೇಡಿ ಚೀಲಗಟ್ಟಲೆ ತರಿಸಿದರು. ಮರದ ಜಂತಿ ಸಾಲು, ಮೇಲೆ ಬೇವಿನ ಸೊಪ್ಪು ತಪ್ಪಲು, ಅದರ ಮೇಲೆ ಮಣ್ಣು. ಮೇ ತಿಂಗಳ ಧಗೆಯಲ್ಲಿ ಆ ಖೋಲಿ ತಣ್ಣಗಿತ್ತು. ನೋಡಲು ಬಂದವರಿಗೆಲ್ಲ ಬಾಯಿ "ನಮ್ಮ ಮಿಸ್ತ್ರಿ" ಎಂದು ನಮ್ಮವರನ್ನು ತೋರಿಸಿದರು. ಒಂದು ಮಧ್ಯಾಹ್ನ ನನ್ನನ್ನು ಬಾಲ್ಕಾಂವಿನಲ್ಲಿ ಕೂಡಿಸಿ ಚಹಾ ಕೊಟ್ಟರು. ಗೋವೆಯಲ್ಲಿ ನಾನು ಹೊರಗೆ ಕೂತದ್ದು ಅದೇ ಮೊದಲ ಸಲ.

ಊರಲ್ಲಿ ಮಾಳಿಗೆ ಸೋರಿದರೆ ಅದೇನು ದೊಡ್ಡ ಮಾತಲ್ಲ. ಮಳೆ ನಿಂತು ಹೊಳವಾದ ಕೂಡಲೇ ಒಬ್ಬರು ಹತ್ತಿ, ಸೋರುವ ಕಡೆ ಬುಟ್ಟಿ ಮಣ್ಣು ಸುರಿದು ತುಳಿದು ಬರುತ್ತಾರೆ. ಇಲ್ಲಿ ಜೂನಿನಲ್ಲಿ ಸೋರತೊಡಗಿದ ಮೇಲೆ ಮಳೆ ಹೊಳವಾಗಲೇ ಇಲ್ಲ. ಒಂಬತ್ತು ದಿನ ನಮ್ಮವರು ಬುಟ್ಟಿ ತುಂಬಿಟ್ಟುಕೊಂಡು ರಾಜಾಂಗಣದ ಮೂಲೆಯಲ್ಲಿ ಕಾದರು. ಹತ್ತನೆಯ ಬೆಳಿಗ್ಗೆ ಎರಡು ಜಂತಿ ಮುರಿದವು. ಮಣ್ಣೆಲ್ಲ ಬಾಯಿಯ ಪುಸ್ತಕಗಳ ಮೇಲೆ ಇಳಿಯಿತು.

"ತಪ್ಪು ನಿಮ್ಮದಲ್ಲ ಮಿಸ್ತ್ರಿ, ನಮ್ಮ ಮಳೆಯದು" ಎಂದರು ಬಾಯಿ. ಬೈದಿದ್ದರೆ ನಮ್ಮವರಿಗೆ ಹಗುರಾಗುತ್ತಿತ್ತೇನೋ. ಮರುವಾರ ಗೋವೆಯವನೇ ಒಬ್ಬ ಬಡಗಿ ಬಂದು ಹಂಚು ಹೊದಿಸಿದ. "ಘಾಟಿ ಮಣ್ಣು ಘಾಟಿಗಳ ತಲೆ ಮೇಲೇ ಇರಲಿ" ಎಂದು ಅವನ ಜೊತೆಯವರು ನಕ್ಕರು. ಆಮೇಲೆ ಯಾರಾದರೂ ಏನು ಕೆಲಸ ಬರುತ್ತದೆ ಎಂದು ಕೇಳಿದರೆ ನಮ್ಮವರದು ಒಂದೇ ಉತ್ತರ: ಪ್ಲಾಸ್ಟರ್.

ಏಳು ವರ್ಷದ ಮೇಲೆ ಮದುವೆಗೆಂದು ಮನೋಳಿಗೆ ಹೋದೆವು. ಪಡಸಾಲೆಯ ಮಾಳಿಗೆ ಸೋರುತ್ತಿತ್ತು. ಗೋವೆಯಲ್ಲಿ ಮಾಳಿಗೆ ಕುಸಿದ ಸುದ್ದಿ ಲಾರಿಯವನಿಂದ ಎಂದೋ ಊರು ಮುಟ್ಟಿತ್ತು. ಮೈದುನ ಅಣ್ಣನನ್ನು ಕೇಳದೆ ರಾಮದುರ್ಗದಿಂದ ಬೇರೊಬ್ಬ ಗೌಂಡಿಯನ್ನು ಕರೆಸಿದ್ದ. "ನೀವು ಚಹಾ ಕುಡೀರಿ ಅಣ್ಣಾ. ವೈನಿ, ಇನ್ನೊಂದೀಟು ಹಾಕ್ರಿ ಅವ್ರಿಗೆ" ಎಂದು ನನ್ನ ಮುಖ ನೋಡದೆ ಹೇಳಿದ.

ಇವರು ಚಹಾ ಬಿಟ್ಟು ನಿಚ್ಚಣಿಕೆ ಹತ್ತಿದರು. ಹಿಂದೆಯೇ ನಾನೂ ಹತ್ತಿದೆ. ಆ ಗೌಂಡಿ ಸೂರಿನ ಅಂಚಿನಿಂದ ಮೇಲ್ಮುಖವಾಗಿ ಮಣ್ಣು ತುಳಿಯುತ್ತ ಬರುತ್ತಿದ್ದ. ಹಾಗೆ ತುಳಿದರೆ ನೀರು ನಿಲ್ಲುತ್ತದೆಂದು ನನಗೇ ಗೊತ್ತು. ಇವರನ್ನು ಕಂಡು ಆತ ಅಂದ, "ಸಾಹುಕಾರ್ರ, ದೂರ ನಿಂದರ್ರಿ. ಅರಿವಿ ಹೊಲಸಾಗ್ತಾವ."

"ಹೇಳ್ರಲ್ಲಾ ಅವಗ" ಎಂದು ನಾನು ಮೆಲ್ಲಗೆ ಅಂದೆ.

"ನಾ ಯಾವೂರಾಂವ ಅಂತ ಹೇಳ್ಲಿ?"

ಅಷ್ಟೇ ಅಂದು, ಮಣ್ಣು ಸಿಡಿಯದಷ್ಟು ದೂರ ಸರಿದು ನಿಂತರು.